ಚಕ್ಕುಲಿ ತಿಂದು ನೋಡಿದ ಮಾನಿಟರ್‌ಗಳು

ಕಳೆದ ತಿಂಗಳು ನಮ್ಮ ಪಕ್ಕದ ಮನೆಗೆ ಗೇಮಿಂಗ್ ಮಾನಿಟರ್ ಬಂತು. ಪೆಟ್ಟಿಗೆಯ ಮೇಲೆ ನೂರ ನಲವತ್ತನಾಲ್ಕು ಹರ್ಟ್ಸ್ ಎಂದು ಅಂಗೈ ಅಗಲದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅಂದರೆ ಪರದೆ ಸೆಕೆಂಡಿಗೆ ಅಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ. ಅಂಗಡಿಯವನು ಬಂದು ವೈರು ಚುಚ್ಚಿ, ಚಿತ್ರ ಬಂದ ಕೂಡಲೇ ಸಹಿ ಹಾಕಿಸಿಕೊಂಡು ಹೊರಟು ನಿಂತ. ನೋಡಲು ಹೋಗಿದ್ದ ನಾನು ಸುಮ್ಮನಿರಲಾರದೆ ಸೆಟ್ಟಿಂಗ್ ತೆರೆಯಿರಿ ಅಂದೆ. ತೆರೆದರೆ ಅಲ್ಲಿ ಅರವತ್ತು! ಯಾಕಪ್ಪಾ ಹೀಗೆ ಎಂದು ಕೇಳಿದ್ದಕ್ಕೆ ಅವನು ನಕ್ಕು, "ಅದೆಲ್ಲ ಗಿರಾಕಿಗೆ ಗೊತ್ತಾಗುದಿಲ್ಲ ಆಂಟಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ನಾನು ಕೆಲಸಕ್ಕಿದ್ದ ಅಷ್ಟೂ ಕಾಲ ಕೇಳಿದ್ದೇನೆ. ನಿವೃತ್ತಿಯಾದ ಮೇಲಾದರೂ ಅದರ ಕಾಟ ತಪ್ಪಿತು ಅಂದುಕೊಂಡಿದ್ದರೆ, ಅದು ಬೇಲಿ ದಾಟಿ ಪಕ್ಕದ ಮನೆಗೇ ಬಂದು ಕೂತಿದೆ. ಆದ್ದರಿಂದ ಈಗ ಮಾನಿಟರ್ ಮಾರುವ, ರಿಪೇರಿ ಮಾಡುವ ಕೆಲಸಕ್ಕೆ ಸೇರುತ್ತಿರುವವರಿಗಾಗಿ ನಾಲ್ಕು ಮಾತು ಬರೆದಿಡುತ್ತೇನೆ. ಯಾರಿಗಾದರೂ ಬೇಸರವಾದರೆ ಆಗಲಿ.

ನನ್ನ ಹೆಸರು ಜಲಜಾಕ್ಷಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಮೊದಲು ಟಿವಿ ರಿಪೇರಿ ಮಾಡಿ, ತೊಂಬತ್ತರ ದಶಕದ ಕೊನೆಗೆ ಉಡುಪಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಾನಿಟರ್ ಕೆಲಸಕ್ಕೆ ನಿಂತವಳು. ಮಾಲೀಕರನ್ನು ನಾವೆಲ್ಲ ಧಣಿ ಎಂದೇ ಕರೆಯುತ್ತಿದ್ದೆವು. ಅವರ ಹೆಂಡತಿ ಸುಮಿತ್ರಕ್ಕ ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಹೊರಗಿನ ಕೆಲಸಕ್ಕೆ ನಾನು ಬಸ್ಸಿನಲ್ಲಿ ಕಾಪು, ಕಾರ್ಕಳ, ಮಣಿಪಾಲ ಎಲ್ಲ ಕಡೆ ಹೋಗುತ್ತಿದ್ದೆ. ಹೋದಲ್ಲೆಲ್ಲ ನನ್ನ ಹಿಂದೆ ಬಾಗಿಲ ಕಡೆ ಇಣುಕಿ, "ಎಂಜಿನಿಯರು ಎಲ್ಲಿ?" ಎಂದು ಕೇಳುವವರೇ. ಆ ಸಿಟ್ಟಿನ ಕಥೆ ಬರೆಯಲು ಹೊರಟರೆ ಬೇರೆ ಪುಸ್ತಕವೇ ಬೇಕು. ಈಗ ಅದು ಬೇಡ.

ಆಗಿನ ಮಾನಿಟರ್ ಅಂದರೆ ಹಿಂದೆ ದೊಡ್ಡ ಗಾಜಿನ ಟ್ಯೂಬು ಇರುವ ದಪ್ಪ ಪೆಟ್ಟಿಗೆ. ಟ್ಯೂಬಿನೊಳಗೆ ಒಂದು ಕಿರಣ ಮೇಲಿನಿಂದ ಕೆಳಗಿನವರೆಗೆ ಗೆರೆ ಗೆರೆಯಾಗಿ ಚಿತ್ರ ಬರೆಯುತ್ತದೆ, ಮುಗಿಸಿ ಮತ್ತೆ ಮೇಲಿನಿಂದ ಬರೆಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಬರೆಯುತ್ತದೆಯೋ ಅದೇ ಅದರ ರಿಫ್ರೆಶ್ ರೇಟು. ಅರವತ್ತು ಸಲ ಬರೆದರೆ ಪರದೆ ನಡುಗುತ್ತದೆ. ನೇರವಾಗಿ ನೋಡುವವರಿಗೆ ನಡುಕ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ಸಂಜೆಯ ಹೊತ್ತಿಗೆ ಕಣ್ಣು ಉರಿದು ತಲೆ ಸಿಡಿಯುತ್ತದೆ. ಎಂಬತ್ತೈದಕ್ಕೆ ಏರಿಸಿದರೆ ಪರದೆ ಗೋಡೆಯ ಕ್ಯಾಲೆಂಡರಿನ ಹಾಗೆ ನಿಲ್ಲುತ್ತದೆ. ಏರಿಸುವುದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಮಾನಿಟರ್ ಜೊತೆ ಬಂದ ಸಿಡಿ ಹಾಕಿ, ಸೆಟ್ಟಿಂಗಿನಲ್ಲಿ ಒಂದು ಅಂಕಿ ಬದಲಿಸಿದರೆ ಮುಗಿಯಿತು.

ಆ ಸಿಡಿಯನ್ನು ಯಾರೂ ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಿರಲಿಲ್ಲ! ನಮ್ಮ ಅಂಗಡಿಯ ಪದ್ಧತಿ ಹೀಗಿತ್ತು: ಮಾನಿಟರ್ ಇಟ್ಟು, ಚಿತ್ರ ಬಂತೇ ನೋಡಿ, ಮನೆಯವರು ಕುಂಕುಮ ಇಟ್ಟು ಊದುಬತ್ತಿ ಹಚ್ಚಿದ ಮೇಲೆ ಕಾಫಿ ಕುಡಿದು ಬರುವುದು. ಆಮೇಲೆ ತಲೆನೋವು ಅಂತ ಫೋನು ಬಂದರೆ ಪರದೆಯ ಮುಂದೆ ನೇತುಹಾಕುವ ಕಪ್ಪು ಗಾಜು ಮಾರುವುದು. ಗಾಜು ಹಾಕಿದರೆ ಬೆಳಕು ಕಡಿಮೆಯಾಗಿ ನಡುಕವೂ ಸ್ವಲ್ಪ ಮಂಕಾಗುತ್ತದೆ, ಅಷ್ಟೇ. ನೋವು ಅಲ್ಲೇ ಇರುತ್ತದೆ. ಕಂಪ್ಯೂಟರ್ ಅಂದರೆ ತಲೆನೋವು ಇದ್ದದ್ದೇ ಎಂದು ಜನ ಸುಮ್ಮನಾಗುತ್ತಿದ್ದರು.

ಕಾರ್ಕಳದ ಒಂದು ಮುದ್ರಣಾಲಯದಲ್ಲಿ ವಸಂತಿ ಎಂಬ ಹೆಣ್ಣುಮಗಳು ಮದುವೆ ಕಾಗದ, ಕರಪತ್ರಗಳ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದಳು. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡೇ ಕೂರುತ್ತಿದ್ದಳು. ಕನ್ನಡಕ ಬದಲಾಯಿಸಿದ್ದಾಯಿತು, ಗಾಜು ಹಾಕಿದ್ದಾಯಿತು. ಇವಳಿಂದ ಆಗುವುದಿಲ್ಲ, ಬೈಂಡಿಂಗಿಗೆ ಹಾಕುತ್ತೇನೆ ಎಂದು ಮುದ್ರಣಾಲಯದ ಮಾಲೀಕರು ಹೇಳಿಯೂ ಆಗಿತ್ತು. ನಾನು ಹೋದದ್ದು ಬೇರೆ ಯಾವುದೋ ರಿಪೇರಿಗೆ. ಚಹಾದ ಜೊತೆ ಚಕ್ಕುಲಿ ಕೊಟ್ಟರು. ಒಂದು ತುಂಡು ಕಟುಂ ಎಂದು ಕಡಿದು ವಸಂತಿಯ ಪರದೆಯತ್ತ ನೋಡಿದೆ. ಅಕ್ಷರಗಳೆಲ್ಲ ಅಲೆಅಲೆಯಾಗಿ ಕುಣಿದುಬಿಟ್ಟವು. ಅಗಿಯುವುದನ್ನು ನಿಲ್ಲಿಸಿದೆ, ನಿಂತವು. ಮತ್ತೆ ಕಡಿದೆ, ಮತ್ತೆ ಕುಣಿದವು.

ಯೋಚಿಸಿದಾಗ ಗೊತ್ತಾಯಿತು. ಗಟ್ಟಿ ಪದಾರ್ಥ ಕಡಿಯುವಾಗ ತಲೆಬುರುಡೆ ಅದುರುತ್ತದೆ, ಕಣ್ಣೂ ಅದುರುತ್ತದೆ. ಪರದೆ ಕಡಿಮೆ ವೇಗದಲ್ಲಿ ಮಿನುಗುತ್ತಿದ್ದರೆ ಆ ಅದುರಾಟ ಅಲೆಯಾಗಿ ಕಾಣುತ್ತದೆ. ಸೆಟ್ಟಿಂಗ್ ತೆರೆದು ನೋಡಿದೆ, ಅರವತ್ತರಲ್ಲಿತ್ತು. ಎಂಬತ್ತೈದಕ್ಕೆ ಏರಿಸಿ ಇನ್ನೊಂದು ಚಕ್ಕುಲಿ ಕಡಿದೆ. ಅಲೆ ಹೆಚ್ಚುಕಡಿಮೆ ಅಡಗಿತ್ತು.

ವಸಂತಿ ಒಂದಷ್ಟು ಹೊತ್ತು ಪರದೆಯನ್ನೇ ನೋಡಿದಳು. ಹಣೆಯ ಬಟ್ಟೆ ಬಿಚ್ಚಿದಳು. ಸಂತೋಷಪಡುತ್ತಾಳೆ ಅಂದುಕೊಂಡರೆ ಅವಳ ಮುಖ ಕೆಂಪಾಯಿತು. "ಇಷ್ಟೇಯಾ ಜಲಜಕ್ಕ? ಇಷ್ಟು ಮಾಡ್ಲಿಕ್ಕೆ ಯಾರಿಗೂ ಆಗ್ಲಿಲ್ವಾ?" ಎಂದಳು. ಅವಳು ಗಾಜು ಕಳಚಿ ನನ್ನ ಕೈಗೇ ಕೊಟ್ಟಳು, ನಾನು ಅದನ್ನು ಅಂಗಡಿಗೆ ತಂದೆ.

ಮಾರಿದ ಗಾಜು ವಾಪಸ್ ಬಂದದ್ದು ಕಂಡು ಧಣಿಗಳಿಗೆ ಸಿಟ್ಟು ಬಂತು. "ಜಲಜಾ, ನೀನು ರಿಪೇರಿಗೆ ಹೋದದ್ದಾ, ನನ್ನ ಅಂಗಡಿ ಬಾಗಿಲು ಹಾಕಿಸ್ಲಿಕ್ಕೆ ಹೋದದ್ದಾ?"

"ಅವಳ ತಲೆನೋವು ಹೋಯ್ತು ಧಣಿ. ಇನ್ನು ಮೇಲೆ ಕೊಡುವಾಗಲೇ ಎಂಬತ್ತೈದಕ್ಕೆ ಇಟ್ಟು ಕೊಡುವ."

"ಪ್ರತಿಯೊಂದಕ್ಕೂ ಸಿಡಿ ಹಾಕ್ತಾ ಕೂತ್ರೆ ದಿನಕ್ಕೆ ಎರಡು ಮನೆ ಆಗುದಿಲ್ಲ ಮಾರಾಯ್ತಿ. ಅರವತ್ತೋ ಎಂಬತ್ತೋ, ಗಿರಾಕಿಗೆ ಗೊತ್ತಾಗುದಿಲ್ಲ."

ಮೊದಲ ಸಲ ಆ ಮಾತು ಕೇಳಿದ್ದು ಅಂದು. ಅಂದಿನಿಂದ ನನ್ನ ಚೀಲದಲ್ಲಿ ಮಲ್ಟಿಮೀಟರಿನ ಪಕ್ಕದಲ್ಲಿ ಚಕ್ಕುಲಿಯ ಸ್ಟೀಲ್ ಡಬ್ಬಿಯೂ ಸೇರಿತು. ಹೋದಲ್ಲೆಲ್ಲ ಗಿರಾಕಿಯ ಕೈಗೆ ಒಂದು ಚಕ್ಕುಲಿ ಕೊಟ್ಟು, ಕಡಿದು ಪರದೆ ನೋಡಿ ಅನ್ನುತ್ತಿದ್ದೆ. ಕಣ್ಣಾರೆ ಕಂಡ ಮೇಲೆ ಯಾರೂ ಎಂಜಿನಿಯರು ಎಲ್ಲಿ ಎಂದು ಕೇಳುತ್ತಿರಲಿಲ್ಲ.

ಎಲ್ಲದಕ್ಕೂ ಚಕ್ಕುಲಿಯೇ ಮದ್ದು ಅಂತಲ್ಲ. ಕಾಪುವಿನಲ್ಲಿ ಒಬ್ಬರ ಮನೆಯಲ್ಲಿ ಚಿತ್ರ ಸಮುದ್ರದ ಹಾಗೆ ನಿಧಾನ ತೂಗುತ್ತಿತ್ತು. ನಮ್ಮ ಅಂಗಡಿಯವರೇ ಮೊದಲು ಹೋಗಿ, ಉಪ್ಪುಗಾಳಿಗೆ ಟ್ಯೂಬು ಹೋಗಿದೆ, ಹೊಸದು ತೆಗೆದುಕೊಳ್ಳಿ ಎಂದು ಹೇಳಿ ಬಂದಿದ್ದರು. ನಾನು ಹೋಗಿ ನೋಡಿದರೆ, ಮಾನಿಟರಿಗೆ ತಾಗಿಕೊಂಡೇ ಒಂದು ದೊಡ್ಡ ಸ್ಟೆಬಿಲೈಸರ್. ಚಂದ ಕಾಣಲೆಂದು ಎರಡಕ್ಕೂ ಸೇರಿಸಿ ಕಸೂತಿ ಬಟ್ಟೆ ಹೊದಿಸಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರ ಅಯಸ್ಕಾಂತ ಸೆಳೆತ ಟ್ಯೂಬಿನ ಕಿರಣವನ್ನು ತೂಗಾಡಿಸುತ್ತಿತ್ತು. ಸ್ಟೆಬಿಲೈಸರನ್ನು ಒಂದು ಮಾರು ದೂರ ಇಟ್ಟೆ. ತೂಗುವುದು ನಿಂತಿತು. ಬಟ್ಟೆ ಎತ್ತಿ ನೋಡುವಷ್ಟೂ ವ್ಯವಧಾನವಿಲ್ಲದೆ ಹೊಸ ಟ್ಯೂಬು ಮಾರಲು ಹೊರಟಿದ್ದ ನಮ್ಮವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಇನ್ನು ಮಣಿಪಾಲದ ದಯಾನಂದಣ್ಣನ ವಿಷಯ. ಇದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಪೀಠಿಕೆ ಹಾಕಿದೆ.

ದಯಣ್ಣ ಉಚ್ಚಿಲದವರು. ಗಲ್ಫಿನಲ್ಲಿ ಬಹಳ ಕಾಲ ದುಡಿದು ಬಂದು, ಇದ್ದದ್ದನ್ನೆಲ್ಲ ಸುರಿದು, ಮಣಿಪಾಲದಲ್ಲಿ ವಿದ್ಯಾರ್ಥಿಗಳು ಬಂದು ಆಡುವ ಗೇಮಿಂಗ್ ಕೆಫೆ ತೆರೆದರು. ಸಾಲಾಗಿ ಕಂಪ್ಯೂಟರುಗಳು, ಒಂದಕ್ಕೊಂದು ವೈರಿನ ಸಂಬಂಧ. ಇಲ್ಲಿ ಕೂತವನು ಅಲ್ಲಿ ಕೂತವನನ್ನು ಪರದೆಯಲ್ಲಿ ಓಡಿಸಿಕೊಂಡು ಗುಂಡು ಹಾರಿಸುವ ಆಟ. ಮಾನಿಟರ್ ಎಲ್ಲ ದಪ್ಪ ಟ್ಯೂಬಿನವು. ಒಂದೊಂದನ್ನೂ ನಾನೇ ನೂರು ಹರ್ಟ್ಸ್‌ಗೆ ಇಟ್ಟುಕೊಟ್ಟಿದ್ದೆ. ಅಷ್ಟು ಮಾಡಿದರೂ ಆಟ ತೆರೆದ ಕೂಡಲೇ ಕಂಪ್ಯೂಟರು ಕದ್ದು ಅರವತ್ತಕ್ಕೆ ಇಳಿಯುತ್ತಿತ್ತು. ಅದನ್ನು ಕಂಡುಹಿಡಿದು, ಆಟದ ಒಳಗೂ ಬೇರೆಯಾಗಿ ನೂರು ಎಂದು ಬರೆದು ಕೂರಿಸಬೇಕಾಯಿತು. ಆ ಕೆಫೆಯಲ್ಲಿ ಪರದೆ ಬೆಣ್ಣೆಯ ಹಾಗೆ ಓಡುತ್ತದೆ ಎಂದು ವಿದ್ಯಾರ್ಥಿಗಳಲ್ಲಿ ಹೆಸರಾಯಿತು. ಸಂಜೆ ಹೋದರೆ ಕೂರಲು ಜಾಗವಿರುತ್ತಿರಲಿಲ್ಲ.

ಅಷ್ಟರಲ್ಲಿ ಚಪ್ಪಟೆ ಮಾನಿಟರುಗಳು ಬಂದವು. ಕಂಪೆನಿಯ ಒಬ್ಬರು ಟೈ ಕಟ್ಟಿಕೊಂಡು ಬಂದು ನಮ್ಮ ಅಂಗಡಿಯಲ್ಲಿ ಭಾಷಣ ಮಾಡಿದರು. ಮಿನುಗುವುದಿಲ್ಲ, ಕರೆಂಟು ಉಳಿಯುತ್ತದೆ, ಜಾಗ ಉಳಿಯುತ್ತದೆ. ಎಲ್ಲ ನಿಜವೇ. ಅಕ್ಷರ ಓದುವವರಿಗೆ, ವಸಂತಿಯಂಥವರಿಗೆ, ಅದು ದೊಡ್ಡ ಉಪಕಾರ. ನಾನೂ ಒಪ್ಪಿದೆ. ಧಣಿಗಳು ಒಂದು ಹೆಜ್ಜೆ ಮುಂದೆ ಹೋದರು. ಬೆಂಚಿನ ಮೇಲೆ ಇಟ್ಟಿದ್ದ ನನ್ನ ಚಕ್ಕುಲಿ ಡಬ್ಬಿಯನ್ನು ಎತ್ತಿ ಕೌಂಟರಿನ ಮೇಲೆ ಇಟ್ಟುಕೊಂಡರು! ಬಂದವರಿಗೆಲ್ಲ ಚಕ್ಕುಲಿ ಕೊಟ್ಟು, ದಪ್ಪ ಮಾನಿಟರ್ ಒಂದನ್ನು ಅರವತ್ತಕ್ಕೆ ಇಳಿಸಿಟ್ಟು, ಕಡಿದು ನೋಡಿ ಎಂದು ಹೇಳುವುದು. ಇದು ಕುಣಿಯುತ್ತದೆ, ಚಪ್ಪಟೆಯದು ಅಲ್ಲಾಡುವುದಿಲ್ಲ. ಗಿರಾಕಿ ಬೆರಗಾಗಿ ಚಪ್ಪಟೆಯದನ್ನೇ ಹೊತ್ತುಕೊಂಡು ಹೋಗುತ್ತಿದ್ದ.

ನಾನು ಒಂದು ವಾರ ಹೊರಗಿನ ಕೆಲಸದಲ್ಲಿದ್ದಾಗ ದಯಣ್ಣನಿಗೂ ಹೀಗೆಯೇ ಚಕ್ಕುಲಿ ತಿನ್ನಿಸಿದರು. ಕೆಫೆಗೆ ಪೂರ್ತಿ ಚಪ್ಪಟೆ ಮಾನಿಟರ್, ಬದಲಿಗೆ ಹಳೆಯವೆಲ್ಲ ಅಂಗಡಿಗೆ. ನಾನು ತಿರುಗಿ ಬರುವಷ್ಟರಲ್ಲಿ ಹಳೆಯ ಮಾನಿಟರುಗಳು ಕಟಪಾಡಿಯ ಗೋಡೌನಿನಲ್ಲಿದ್ದವು. ಅವನ್ನು ಬೆಳ್ಮಣ್ಣಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಕೊಡುವ ಮಾತೂ ಆಗಿತ್ತು.

ಸ್ವಲ್ಪ ದಿನ ಕಳೆದು ದಯಣ್ಣ ಫೋನು ಮಾಡಿದರು. "ಜಲಜಕ್ಕ, ನೀವು ಒಮ್ಮೆ ಬನ್ನಿ. ಎಂತ ಆಯ್ತೂಂತ ಗೊತ್ತಿಲ್ಲ, ಹುಡುಗರು ಬರುದೇ ಇಲ್ಲ."

ಹೋದೆ. ಸಂಜೆಯ ಹೊತ್ತು, ಸಾಲು ಕುರ್ಚಿಗಳು ಖಾಲಿ. ದಿನಾ ಬರುತ್ತಿದ್ದ ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿ ಪ್ರವೀಣ ಒಬ್ಬ ಮಾತ್ರ ಇದ್ದ. ಅವನೂ ಆಡುತ್ತಿರಲಿಲ್ಲ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ.

"ಏನಪ್ಪಾ, ಏನು ತೊಂದರೆ?" ಅಂದೆ.

"ಮೇಡಂ, ನಿಂತು ನೋಡಿದ್ರ ಎಲ್ಲಾ ಛಲೋ ಕಾಣ್ತೈತ್ರಿ. ಗಪ್ಪನ ತಿರುಗಿದ್ರ ಎದುರಿಗಿದ್ದಾಂವ ಒದ್ದಿ ಬಟ್ಟೀಲೆ ಒರೆಸಿದಂಗ ಆಗ್ತಾನ್ರಿ. ಅಂವ ಯಾರು, ಎಲ್ಲಿ ಅದಾನ ಅನ್ನೂದ್ರಾಗ ನಾ ಸತ್ತಿರ್ತೀನಿ. ಎಲ್ಲಾರೂ ಬ್ಯಾರೆ ಕೆಫೆಕ್ಕ ಹೊಂಟಾರ."

ಅವನು ಹೇಳಿದ ಹಾಗೆಯೇ ಇತ್ತು. ಟ್ಯೂಬಿನ ಪರದೆಯಲ್ಲಿ ಪ್ರತಿ ಚಿತ್ರವೂ ಕ್ಷಣಮಾತ್ರ ಬೆಳಗಿ ಆರುತ್ತದೆ, ಮುಂದಿನದು ಹೊಸದಾಗಿ ಬರುತ್ತದೆ. ಹಾಗಾಗಿ ಓಡುವ ಮನುಷ್ಯನ ಅಂಚು ಕತ್ತರಿಸಿದ ಹಾಗೆ ಕಾಣುತ್ತದೆ. ಆ ಕಾಲದ ಚಪ್ಪಟೆ ಪರದೆ ಹಾಗಲ್ಲ. ಮುಂದಿನ ಚಿತ್ರ ಬರುವವರೆಗೂ ಹಿಂದಿನದು ಬೆಳಗುತ್ತಲೇ ಇರುತ್ತದೆ. ಮೇಲಾಗಿ ಬಣ್ಣ ಬದಲಿಸಲು ಅದಕ್ಕೆ ಸೋಮಾರಿತನ, ಹಳೆಯದರ ನೆರಳು ಹೊಸದರ ಮೇಲೆ ಉಳಿಯುತ್ತದೆ. ಸೆಕೆಂಡಿಗೆ ಅರವತ್ತಕ್ಕಿಂತ ಮೇಲೆ ಅದು ಏರುವಂತೆಯೂ ಇರಲಿಲ್ಲ. ನಿಂತ ಚಿತ್ರದಲ್ಲಿ ಯಾವ ದೋಷವೂ ಕಾಣುವುದಿಲ್ಲ, ಚಕ್ಕುಲಿಗೂ ಅದು ಜಗ್ಗುವುದಿಲ್ಲ. ಚಿತ್ರ ಓಡಿದರೆ ಮಾತ್ರ ಅದರ ಬಂಡವಾಳ ಬಯಲು. ಗೇಮಿಂಗ್ ಕೆಫೆಯಲ್ಲಿ ನಿಂತ ಚಿತ್ರ ನೋಡಲು ಯಾರು ಬರುತ್ತಾರೆ?

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜನರ ಕಣ್ಣು ಉಳಿಸಲೆಂದು ನಾನು ಕಂಡುಕೊಂಡ ಪರೀಕ್ಷೆ. ಆ ಪರೀಕ್ಷೆ ಹಿಡಿಯಲಾರದ ದೋಷವಿದ್ದ ಮಾನಿಟರನ್ನು ಮಾರಲು ಅದನ್ನೇ ಬಳಸಿದ್ದರು. ದಯಣ್ಣ ನನ್ನನ್ನು ಬೈಯಲಿಲ್ಲ. "ಚಕ್ಕುಲಿ ಕೊಟ್ರು ಜಲಜಕ್ಕ. ನಿಮ್ಮ ಪರೀಕ್ಷೆ ಅಲ್ವಾ ಅಂತ ನಂಬಿದೆ" ಎಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು. ಹೀಗೇ ಇನ್ನೊಂದು ತಿಂಗಳು ಹೋದರೆ ಬಾಗಿಲು ಹಾಕಿ ಮತ್ತೆ ಗಲ್ಫಿಗೆ ಹೋಗಬೇಕು, ಈ ವಯಸ್ಸಿನಲ್ಲಿ ಅಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದೂ ಹೇಳಿದರು.

ಮರುದಿನ ಅಂಗಡಿಗೆ ಹೋದವಳೇ ಧಣಿಗಳ ಮುಂದೆ ನಿಂತೆ. "ದಯಣ್ಣನ ಹಳೆ ಮಾನಿಟರ್ ವಾಪಸ್ ಕೊಡಬೇಕು ಧಣಿ."

"ಎಂತ ವಾಪಸ್? ಕೊಟ್ಟದ್ದು ಕೊಟ್ಟಾಯ್ತು, ತಗೊಂಡದ್ದು ತಗೊಂಡಾಯ್ತು. ನಾಳೆ ಬೆಳ್ಮಣ್ಣಿಗೆ ಟೆಂಪೋ ಹೋಗ್ತದೆ."

"ಆ ಚಪ್ಪಟೆ ಮಾನಿಟರಿನಲ್ಲಿ ಓಡುವುದು ಸರಿ ಕಾಣುವುದಿಲ್ಲ."

"ಹುಡುಗರಿಗೆ ಆಡ್ಲಿಕ್ಕೆ ಬರುದಿಲ್ಲ, ಮಾನಿಟರಿಗೆ ದೂರು. ಅಷ್ಟು ಸೂಕ್ಷ್ಮ ಎಲ್ಲ ಗಿರಾಕಿಗೆ ಗೊತ್ತಾಗುದಿಲ್ಲ. ನೀನು ನಮ್ಮವಳಾ, ಅವರವಳಾ?"

ನಾನು ನೇರ ಕೌಂಟರಿನ ಹತ್ತಿರ ಹೋದೆ. ಅಲ್ಲಿ ದಪ್ಪದ್ದೊಂದು, ಚಪ್ಪಟೆಯದೊಂದು ಮಾನಿಟರ್ ಅಕ್ಕಪಕ್ಕ ಇದ್ದವು. ಆಗಿನ ಕಂಪ್ಯೂಟರುಗಳಲ್ಲಿ ಬರೆದ ಸಾಲು ಪರದೆಯ ಅಡ್ಡಕ್ಕೆ ಓಡುವ ಒಂದು ಸ್ಕ್ರೀನ್ ಸೇವರ್ ಇರುತ್ತಿತ್ತು. ದಪ್ಪದ್ದನ್ನು ನೂರಕ್ಕೆ ಏರಿಸಿದೆ. ಎರಡರಲ್ಲೂ ಕನ್ನಡ ಅಕ್ಷರದಲ್ಲಿ ಒಂದೇ ಸಾಲು ಬರೆದು, ವೇಗ ಪೂರ್ತಿ ಏರಿಸಿ ಓಡಲು ಬಿಟ್ಟೆ.

"ಧಣಿ, ಚಪ್ಪಟೆಯದರಲ್ಲಿ ಎಂತ ಬರೆದದೆ, ಓದಿ ಹೇಳಿ."

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಕನ್ನಡಕ ಒರೆಸಿ ನೋಡಿದರು. ಒತ್ತಕ್ಷರಗಳೆಲ್ಲ ಕಲಸಿಹೋಗಿ ಒಂದು ಬೂದು ಪಟ್ಟಿ ಓಡುತ್ತಿತ್ತು. ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳೂ ಹತ್ತಿರ ಬಂದು ಇಣುಕಿದರು. ಅವರಿಗೂ ಓದಲಾಗಲಿಲ್ಲ. ಗಲಾಟೆ ಕೇಳಿ ಒಳಗಿನ ಕೋಣೆಯಿಂದ ಸುಮಿತ್ರಕ್ಕ ಹೊರಗೆ ಬಂದರು. ಹಣೆಗೆ ನೋವಿನ ಮುಲಾಮು ಹಚ್ಚಿದ್ದರು, ಅದರ ವಾಸನೆ ಅವರಿಗಿಂತ ಮೊದಲೇ ಬರುತ್ತಿತ್ತು. ದಪ್ಪ ಮಾನಿಟರಿನ ಕಡೆ ನೋಡಿ ಗಟ್ಟಿಯಾಗಿ ಓದಿದರು:

"ಗಿರಾಕಿಗೆ ಗೊತ್ತಾಗುವುದಿಲ್ಲ."

ಓದಿ, "ಇದು ಎಂತ? ಯಾರು ಹೇಳಿದ್ದು?" ಎಂದು ಕೇಳಿದರು. ಧಣಿಗಳು ಫೋನು ಎತ್ತಿ ಯಾರಿಗೋ ಡಯಲ್ ಮಾಡುವ ಹಾಗೆ ಮಾಡಿದರು. ಸುಮಿತ್ರಕ್ಕ ದಪ್ಪ ಮಾನಿಟರನ್ನೇ ನೋಡುತ್ತಾ ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದು ಕಡಿದರು. ಅಂಗಡಿಯಲ್ಲಿ ದಿನವಿಡೀ ನಡೆಯುತ್ತಿದ್ದ ಆಟ ಅದು, ಒಳಗೆ ಕೂತೇ ಕೇಳುತ್ತಿದ್ದರು.

"ಜಲಜಾ, ಇದು ಅಲ್ಲಾಡುದಿಲ್ವಲ್ಲ. ನನ್ನದು ಯಾಕೆ ಅಷ್ಟು ಕುಣಿಯುದು? ನಾನು ಹಳೇ ಮಾನಿಟರೆಲ್ಲ ಹಾಗೆಯೇ ಅಂದುಕೊಂಡಿದ್ದೆ."

ಒಳಗಿನ ಕೋಣೆಯ ಕಂಪ್ಯೂಟರನ್ನು ನಾನು ಮುಟ್ಟುವಂತಿರಲಿಲ್ಲ. ನೀನು ಹೊರಗಿನ ಕೆಲಸ ನೋಡಿಕೋ, ಇಲ್ಲಿಯದನ್ನು ನಾನು ನೋಡುತ್ತೇನೆ ಎನ್ನುವುದು ಧಣಿಗಳ ಆಜ್ಞೆ. ಆದರೆ ಈಗ ಕೇಳಿದ್ದು ಸುಮಿತ್ರಕ್ಕ. ಒಳಗೆ ಹೋದೆ. ಪರದೆಯ ಮುಂದೆ ನಮ್ಮ ಅಂಗಡಿಯದೇ ಕಪ್ಪು ಗಾಜು. ಅದರ ಹಿಂದೆ ಅರವತ್ತು ಹರ್ಟ್ಸ್. ಸಿಡಿ ಕೂಡ ಮೇಜಿನ ಡ್ರಾಯರಿನಲ್ಲೇ, ಒಡೆಯದ ಪ್ಲಾಸ್ಟಿಕ್ಕಿನಲ್ಲಿ ಬಿದ್ದಿತ್ತು. ಹಾಕಿದೆ, ಎಂಬತ್ತೈದಕ್ಕೆ ಏರಿಸಿದೆ.

ಸುಮಿತ್ರಕ್ಕ ಗಾಜು ಕಳಚಿ ಪಕ್ಕಕ್ಕಿಟ್ಟು ನೋಡಿದರು. ಚಕ್ಕುಲಿ ಕಡಿದರು. ಮತ್ತೊಮ್ಮೆ ಕಡಿದರು. ಬಾಗಿಲಲ್ಲಿ ಧಣಿಗಳು ನಿಂತಿದ್ದರು.

"ಇದು ನಿಮಗೆ ಗೊತ್ತಿತ್ತಾ?" ಎಂದು ಅವರನ್ನು ಕೇಳಿದರು.

"ಅಲ್ಲ, ಅದು... ನಿನಗೆ ಅಷ್ಟು ಗೊತ್ತಾಗ್ಲಿಕ್ಕಿಲ್ಲ ಅಂತ..."

"ನನ್ನ ತಲೆಗೆ ಗೊತ್ತಾಗ್ತಿತ್ತು" ಎಂದರು ಸುಮಿತ್ರಕ್ಕ. ದನಿ ಎತ್ತಲಿಲ್ಲ. "ಮದುವೆ ಮನೆಗೆ ಹೋಗ್ಲಿಕ್ಕಾಗದೆ ಮಲಗಿದ್ದೇನೆ. ಮಕ್ಕಳ ಮೇಲೆ ರೇಗಿದ್ದೇನೆ. ಡಾಕ್ಟರ್ ಹತ್ತಿರ ನೀವೇ ಕರ್ಕೊಂಡು ಹೋಗ್ತಿದ್ರಿ. ಆ ಕಾರಿನಲ್ಲಿ ಹೋಗುವಾಗಲೂ ನಿಮಗೆ ಇದು ಗೊತ್ತಿತ್ತು."

ಸುಮಿತ್ರಕ್ಕ ಕಪ್ಪು ಗಾಜನ್ನು ಎತ್ತಿ ಧಣಿಗಳ ಕೈಗೆ ಕೊಟ್ಟು, "ಆ ಉಚ್ಚಿಲದವರ ಮಾನಿಟರ್ ಇವತ್ತೇ ಹೋಗ್ಲಿ. ಟೆಂಪೋಗೆ ನಾನು ಫೋನ್ ಮಾಡ್ತೇನೆ" ಎಂದರು.

ಟೆಂಪೋ ಮಣಿಪಾಲಕ್ಕೆ ಹೋಯಿತು. ಬೆಳ್ಮಣ್ಣಿನ ತರಬೇತಿ ಕೇಂದ್ರಕ್ಕೆ ಮರುದಿನ ಚಪ್ಪಟೆ ಮಾನಿಟರುಗಳು ಹೋದವು. ಅಲ್ಲಿ ಟೈಪಿಂಗ್ ಕಲಿಯುವವರಿಗೆ ಅವೇ ಸರಿ. ಎರಡು ಕಡೆಗೂ ಒಳ್ಳೆಯದಾಗುವ ಈ ಕೆಲಸ ಮೊದಲೇ ಆಗಬಹುದಿತ್ತು. ಗಿರಾಕಿಯನ್ನು, ನಿಮಗೆ ಇದು ಯಾವ ಕೆಲಸಕ್ಕೆ ಬೇಕು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅದನ್ನು ಕೇಳದವರು ಮಾನಿಟರ್ ಮಾರಲು ಯೋಗ್ಯರಲ್ಲ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಟೆಂಪೋ ಹತ್ತುವ ಮೊದಲು ಕೌಂಟರಿನ ಮೇಲಿದ್ದ ನನ್ನ ಸ್ಟೀಲ್ ಡಬ್ಬಿಯನ್ನು ಎತ್ತಿಕೊಂಡೆ. ಧಣಿಗಳು ನೋಡಿಯೂ ತಡೆಯಲಿಲ್ಲ.

ಕೆಫೆಯಲ್ಲಿ ಮಾನಿಟರ್ ಜೋಡಿಸಿದ ಕೂಡಲೇ ಎಲ್ಲವೂ ಅರವತ್ತರಲ್ಲೇ ಎದ್ದವು. ಚಪ್ಪಟೆಯದಕ್ಕೆಂದು ಕಂಪ್ಯೂಟರುಗಳನ್ನು ಹಾಗೆ ಇಳಿಸಿಟ್ಟಿದ್ದರು. ದಯಣ್ಣ ಚಕ್ಕುಲಿ ಕಡಿದು, "ಅಯ್ಯೋ, ಕುಣಿಯುದು ಜಲಜಕ್ಕ!" ಎಂದು ಗಾಬರಿಯಾದರು. ಒಂದೊಂದಾಗಿ ನೂರಕ್ಕೆ ಏರಿಸುತ್ತಾ ಹೋದೆ, ಆಟದ ಒಳಗೂ ಏರಿಸಿದೆ. ಅವರು ನನ್ನ ಹಿಂದೆಯೇ ಕಡಿಯುತ್ತಾ ಬಂದರು. ಕೊನೆಯದಕ್ಕೆ ಬರುವಾಗ ಪ್ರವೀಣ ಮೊದಲನೆಯದರಲ್ಲಿ ಕೂತು ಆಟ ತೆರೆದಾಗಿತ್ತು. ಕಂಪ್ಯೂಟರೇ ಆಡಿಸುವ ಎದುರಾಳಿಯ ಕಡೆ ಗಪ್ಪನೆ ತಿರುಗಿದ, ಮತ್ತೆ ತಿರುಗಿದ.

"ಕಂಡಾ ನೋಡ್ರಿ! ಕಂಡಾ!" ಎಂದು ಕೂಗಿ, ಕಿಸೆಯಿಂದ ಫೋನು ತೆಗೆದು ಗೆಳೆಯರಿಗೆ ಹಚ್ಚಿದ.

ದಯಣ್ಣ ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡೇ ಅಗಿಯುವುದನ್ನು ಮರೆತು ಬಾಗಿಲ ಕಡೆ ನೋಡುತ್ತಾ ನಿಂತರು. ನಾನು ಖಾಲಿ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹುಡುಗರ ಸದ್ದು ಕೇಳಿತು.

ಪಕ್ಕದ ಮನೆಗೆ ಬಂದಿದ್ದ ಆ ಅಂಗಡಿಯವನನ್ನು ನಾನು ಹಾಗೇ ಹೋಗಲು ಬಿಡಲಿಲ್ಲ. ಮತ್ತೆ ಕೂರಿಸಿ, ಅಂಕಿ ನೂರ ನಲವತ್ತನಾಲ್ಕಕ್ಕೆ ಬದಲಿಸಲು ಹೇಳಿದೆ. ಬದಲಿಸಿ, ಒಂದು ಕಿಟಕಿಯನ್ನು ಹಿಡಿದು ಪರದೆಯ ಮೇಲೆ ಆಚೆ ಈಚೆ ಎಳೆದ. ಅವನ ಕೈ ನಿಂತಿತು. ಮತ್ತೆ ಎಳೆದು ನೋಡಿದ.

"ಗೊತ್ತಾಗ್ತದೆ ಆಂಟಿ" ಎಂದ, ಮೆಲ್ಲಗೆ.

"ಹಾಗಾದರೆ ಇದಕ್ಕೆ ಮೊದಲು ಕೊಟ್ಟು ಬಂದ ಮನೆಗಳಿಗೆಲ್ಲ ಇವತ್ತೇ ಹೋಗು" ಎಂದೆ. ಮನೆಯವರು ಸಹಿ ಹಾಕಿದ ಅವನ ಕಾಗದವನ್ನು ನಾನು ಮೊದಲೇ ಎತ್ತಿಟ್ಟುಕೊಂಡಿದ್ದೆ. ಹೋಗುತ್ತೇನೆ ಎಂದು ಅವನು ಬಾಯಿಬಿಟ್ಟು ಹೇಳಿದ ಮೇಲೆಯೇ ಅದನ್ನು ಕೊಟ್ಟೆ.